ಬರಬೇಕಾದವರ ಮೂಗು

ಏಪ್ರಿಲ್ 2, ಬೆಳಿಗ್ಗೆ

…ಹಾಂ, ಆನ್ ಆಗಿದೆ. ಮೊಬೈಲನ್ನ ಸ್ಟೂಲ್ ಮೇಲೆ ಒರಗಿಸಿದೀನಿ. ಕೈ ತುಂಬ ಪ್ಲಾಸ್ಟರ್. ಡೈರಿ ಬರೆಯೋಕೆ ಹೋದರೆ ಪುಟಕ್ಕೆ ಪುಟ ಅಂಟ್ಕೊಳ್ಳುತ್ತೆ. ಅದಕ್ಕೇ ಬಾಯಲ್ಲೇ ಡೈರಿ. "ಮನೇಲಿ ಮಾತಾಡಿದ್ದು ಸಾಲದಾ?" ಅಂತಾಳೆ ಹೆಂಡತಿ. ಸಾಲದು.

ಇವತ್ತು ಕುದುರೆ ಬಂತು. ಬಿಳೀ ಕುದುರೆ, ಫೈಬರ್‌ದು. ಮುಚ್ಚಿಹೋದ ಫರ್ನಿಚರ್ ಅಂಗಡಿ ಮುಂದೆ ನಿಂತಿತ್ತಂತೆ ಇಷ್ಟು ವರ್ಷ. ಒಂದು ಕಿವಿ ಮುಕ್ಕಾಗಿದೆ. ಎರಡು ಕೋಟ್ ಬಣ್ಣ ಹೊಡೆದರೂ ಹೊಟ್ಟೆ ಮೇಲಿನ "ಸುಲಭ ಕಂತು" ಅನ್ನೋ ಅಕ್ಷರ ಒಳಗಿಂದ ಇಣುಕುತ್ತೆ. ಲೋಕ ಉದ್ಧಾರ ಮಾಡೋಕೆ ಬರೋರು ಇದರ ಮೇಲೆ ಬರ್ಬೇಕು.

ಮ್ಯೂಸಿಯಂನ ಎರಡನೇ ಮಹಡಿಯ ಹೊಸ ಹಾಲ್‌ಗೆ ಈ ಕುದುರೆ. ಹಾಲ್ ಹೆಸರು "ಬರಲಿರುವವರು". ಒಂದೊಂದು ಧರ್ಮದಲ್ಲೂ ಒಬ್ಬರು ಕೊನೆಗೆ ಬರ್ತಾರೆ, ಬಂದು ಎಲ್ಲಾ ಸರಿ ಮಾಡ್ತಾರೆ ಅಂತ ನಂಬಿಕೆ ಇದೆಯಲ್ಲ, ಅವರೆಲ್ಲರ ಆಳೆತ್ತರದ ಬೊಂಬೆ, ಸಾಲಾಗಿ. ಐಡಿಯಾ ಮೇಡಂದು. ಮೇಡಂ ಅಂದರೆ ಮ್ಯೂಸಿಯಂ ಮುಖ್ಯಸ್ಥೆ. ಕೆಲಸ ನಂದು. ಇಲ್ಲಿನ ಬೊಂಬೆಗಳನ್ನೆಲ್ಲ ಮಾಡಿದ್ದು ನಾನೇ. ನನಗೆ ಮುಖ ಕಲ್ಪಿಸೋಕೆ ಬರಲ್ಲ, ಗೊತ್ತಿರೋರ ಮುಖಕ್ಕೆ ಅಚ್ಚು ಹಾಕ್ತೀನಿ. ಕೆಳಗಡೆ ಕಿರೀಟ ಹಾಕ್ಕೊಂಡು ಕೂತಿರೋ ರಾಜ ನಮ್ಮ ಕಟಿಂಗ್ ಶಾಪ್‌ನವನು. ಶಿಲಾಯುಗದ ಮನುಷ್ಯ ನನ್ನ ಭಾವಮೈದ. ಅವನ ಮುಖದಲ್ಲಿ ಹೆಚ್ಚೇನೂ ಬದಲಾಯಿಸಬೇಕಾಗಿ ಬರಲಿಲ್ಲ.

ಅಕ್ಕ ಫೋನ್ ಮಾಡಿದ್ದಳು. "ಪುಟ್ಟೂ, ಬಾಗಿಲು ಇನ್ನೂ ಹಂಗೇ ಇದೆ ಕಣೋ." ಐವತ್ತು ವರ್ಷದ ಪುಟ್ಟು ನಾನು. ಅವಳ ಮನೆ ಬೀದಿ ಬಾಗಿಲು ಉಬ್ಬಿಕೊಂಡು ಚೌಕಟ್ಟಿಗೆ ಕಚ್ಚುತ್ತೆ. ಹಾಕಿದರೆ ತೆಗೆಯೋಕಾಗಲ್ಲ, ತೆಗೆದರೆ ಹಾಕೋಕಾಗಲ್ಲ. ಕೀಸುಳಿ ತಗೊಂಡು ಹೋಗಿ ಅಂಚು ಹೆರೆದರೆ ಮುಗೀತು.

"ಬರ್ತೀನಕ್ಕ" ಅಂದೆ.

ಏಪ್ರಿಲ್ 4, ಸಂಜೆ

ತಲೆ ಗಿರ್ ಅಂತಿದೆ. ಇವತ್ತು ಸಮಿತಿ ಮೀಟಿಂಗ್. ಪುರೋಹಿತರು, ಪಾದ್ರಿಗಳು, ಮೌಲ್ವಿ ಸಾಹೇಬರು, ಬೌದ್ಧ ಭಿಕ್ಷುಗಳು, ಯಹೂದಿ ರಬ್ಬಿಗಳು, ಪಾರ್ಸಿ ಧರ್ಮದ ಒಬ್ಬರು ರಿಟೈರ್ಡ್ ಟೀಚರಮ್ಮ. ಮುಂದೆ ಟೀ, ಬಿಸ್ಕತ್ತು. ಹಿಂದೆ ಕುದುರೆ.

ಪುರೋಹಿತರು ಕುದುರೆ ಬೆನ್ನು ತಟ್ಟಿದರು. "ಕಲ್ಕಿಗೆ ಸರಿಯಾಗಿದೆ. ಕೈಲೊಂದು ಕತ್ತಿ ಕೊಡಿ."

ಪಾದ್ರಿಗಳು ಮೆತ್ತಗೆ ಕೆಮ್ಮಿದರು. "ನಮ್ಮ ಪ್ರಭುವೂ ಬಿಳೀ ಕುದುರೆ ಮೇಲೇ ಬರೋದು. ಪುಸ್ತಕದಲ್ಲಿದೆ."

ಇರೋದು ಒಂದೇ ಕುದುರೆ. ಇಬ್ಬರೂ ಮೇಡಂ ಮುಖ ನೋಡಿದರು. ಮೇಡಂ ನನ್ನ ಮುಖ ನೋಡಿದರು. ನಾನು ಕುದುರೆ ಮುಖ ನೋಡಿದೆ.

"ನಮ್ಮವರು ಕತ್ತೆ ಮೇಲೆ ಬರ್ತಾರೆ, ತೊಂದರೆ ಇಲ್ಲ" ಅಂದರು ರಬ್ಬಿಗಳು. "ಆದರೆ ಬೊಂಬೆ ಮಾತ್ರ ಮಾಡ್ಬೇಡಿ." ಮೌಲ್ವಿ ಸಾಹೇಬರೂ ತಲೆ ಆಡಿಸಿದರು. "ನಮ್ಮಲ್ಲಿ ಬರೋ ಮೆಹದಿಯವರ ಚಿತ್ರನೂ ಬೇಡ, ಬೊಂಬೆನೂ ಬೇಡ. ಹೆಸರು ಚೆನ್ನಾಗಿ ಬರೆಸಿ, ಸಾಕು." ಭಿಕ್ಷುಗಳು ಮುಂದೆ ಬರೋ ಬುದ್ಧ ಮೈತ್ರೇಯನಿಗೆ ಕುರ್ಚಿ ಕೇಳಿದರು. ಕಾಲು ಮಡಚಿ ಕೂರಲ್ಲವಂತೆ ಅವನು, ಇಳಿಬಿಟ್ಟು ಕೂರ್ತಾನಂತೆ, ಎದ್ದು ಹೊರಡೋಕೆ ಸಿದ್ಧವಾಗಿ. ನನಗೆ ಇಷ್ಟ ಆಯ್ತು ಅದು. ಟೀಚರಮ್ಮ ಕನ್ನಡಕ ಏರಿಸಿ, "ನಮ್ಮ ಸಾವೊಶ್ಯಂತ ಬಂದಾಗ ಸತ್ತೋರೆಲ್ಲ ಎದ್ದು ಬರ್ತಾರೆ, ಅದನ್ನೂ ತೋರಿಸ್ಬೇಕು" ಅಂದರು.

"ಅಷ್ಟು ಜನಕ್ಕೆ ಹಾಲ್‌ನಲ್ಲಿ ಜಾಗ ಇಲ್ಲಮ್ಮ" ಅಂದರು ಮೇಡಂ.

ಆಮೇಲೆ ನಾನು ಮಾಡಿಟ್ಟಿದ್ದ ಮುಖಗಳನ್ನ ತಂದೆ. ಕಲ್ಕಿಗೆ ಬ್ಯಾಂಕ್ ಕ್ಯಾಷಿಯರ್ ಮುಖ. ಒಳ್ಳೇ ಮುಖ.

"ಮೂಗು ಹೀಗಿರಲ್ಲ" ಅಂದರು ಪುರೋಹಿತರು.

"ಅವರು ಇನ್ನೂ ಬಂದೇ ಇಲ್ಲವಲ್ಲ ಸ್ವಾಮಿ, ಮೂಗು ನಿಮಗೆ ಹೆಂಗೆ ಗೊತ್ತು?"

"ಹೆಂಗಿರುತ್ತೆ ಅಂತ ಗೊತ್ತಿಲ್ಲ. ಹೀಗಿರಲ್ಲ ಅಂತ ಗೊತ್ತು."

ಇದಕ್ಕೇನು ಹೇಳೋದು? ನ್ಯಾಯವಾಗೇ ಇದೆ. ಯಾವಾಗ ಬರ್ತಾರೆ ಅಂತ ಕೇಳಿದೆ. ಇನ್ನೂ ನಾಲ್ಕು ಲಕ್ಷ ಚಿಲ್ಲರೆ ವರ್ಷ ಇದೆಯಂತೆ. "ಹಂಗಾದರೆ ಸೋಮವಾರ ಹದಿನೈದಕ್ಕೇ ಹಾಲ್ ತೆರೀಬೇಕು ಅಂತ ನನ್ನ ಕುತ್ತಿಗೆ ಮೇಲೆ ಯಾಕೆ ಕೂತಿದೀರಿ?" ಅಂದೆ. ಮೇಡಂ ನಗಲಿಲ್ಲ.

ಪಾದ್ರಿಗಳು, "ನಮ್ಮಲ್ಲಿ ದಿನ, ಗಳಿಗೆ ಯಾರಿಗೂ ಗೊತ್ತಿಲ್ಲ. ಕಳ್ಳನ ಹಾಗೆ ಬರ್ತಾರೆ" ಅಂದರು. ಬಾಗಿಲಲ್ಲಿ ನಿಂತಿದ್ದ ವಾಚ್‌ಮನ್ ಗಾಬರಿಯಾಗಿ, "ಗೇಟಲ್ಲಿ ಸೈನ್ ಮಾಡ್ಲೇಬೇಕು ಫಾದರ್, ಯಾರೇ ಆಗಲಿ" ಅಂದ.

ಏಪ್ರಿಲ್ 5

ಅಕ್ಕ ಮತ್ತೆ ಫೋನ್. ಹೇಳೋಕೆ ಮುಂಚೆ ನಾನೇ "ಬರ್ತೀನಿ" ಅಂದೆ.

ರಿಟೈರ್ ಆಗೋವರೆಗೂ ಟೆಲಿಫೋನ್ ಎಕ್ಸ್‌ಚೇಂಜ್‌ನಲ್ಲಿ ಆಪರೇಟರ್ ಆಗಿದ್ದಳು ಅಕ್ಕ. ಊರಿಗೆಲ್ಲ "ದಯವಿಟ್ಟು ಕಾಯಿರಿ" ಅಂದು ಅಂದು, ಈಗ ನನ್ನ ಕೈಲಿ ಅದನ್ನೇ ಕೇಳಿಸ್ಕೋತಾಳೆ.

ಏಪ್ರಿಲ್ 9, ಮಧ್ಯಾಹ್ನ

ನಾಲ್ಕು ದಿನ ಮಾತಾಡೋಕೂ ಮನಸ್ಸಿರಲಿಲ್ಲ. ನಾನು! ಮಾಡಿದ ಮೂರು ಮುಖಾನೂ ಒಡೆದು ಹಾಕಿದೆ. ಕ್ಯಾಷಿಯರ್‌ನ ಒಡೆಯೋವಾಗ ಸಂಕಟ ಆಯ್ತು.

ಮೇಡಂ ನೇರವಾಗಿ ಹೇಳಿಬಿಟ್ಟರು. ಸೋಮವಾರಕ್ಕೆ ಹಾಲ್ ಆಗದಿದ್ದರೆ ಗೋಡೆ ತುಂಬ ಟಿವಿ ಪರದೆ ಹಾಕೋ ಕಂಪನಿಯವರು ಬರ್ತಾರೆ. ಹಾಲ್‌ಗೆ ಮಾತ್ರ ಅಲ್ಲ, ಎಲ್ಲಾ ಮಹಡಿಗೂ. ನನ್ನ ಈ ಕೋಣೆ ಅವರ ಮಷಿನ್ ಇಡೋಕೆ. ರಾಜ, ಭಾವಮೈದ, ನಾನು, ಎಲ್ಲರೂ ಒಟ್ಟಿಗೆ ಗೋಡೌನ್‌ಗೆ.

ಆದರೆ ಇವತ್ತಿನ ಮೀಟಿಂಗ್‌ನಲ್ಲಿ ಒಂದು ದಾರಿ ಸಿಕ್ಕಿತು. ಮೌಲ್ವಿ ಸಾಹೇಬರು ಬಿಸ್ಕತ್ತನ್ನ ಟೀಯಲ್ಲಿ ಅದ್ದುತ್ತಾ, ತಮ್ಮಷ್ಟಕ್ಕೆ ತಾವೇ ಅನ್ನೋ ಹಾಗೆ ಅಂದರು: "ಬರೋರನ್ನ ನಮ್ಮಲ್ಲಿ ಯಾರೂ ನೋಡಿಲ್ಲ. ಕಾಯೋರನ್ನ ದಿನಾ ನೋಡ್ತೀವಲ್ಲ." ಬಿಸ್ಕತ್ತು ಮುರಿದು ಟೀಗೆ ಬಿತ್ತು. ಅದನ್ನ ಚಮಚದಲ್ಲಿ ಹುಡುಕೋಕೆ ಶುರು ಮಾಡಿದರು. ಮೊದಲ ಸಲ ಯಾರೂ ಯಾವ ಮೂಗಿಗೂ ತಕರಾರು ಎತ್ತಲಿಲ್ಲ.

ಒಂದು ಉದ್ದ ಬೆಂಚು. ಅದರ ಮೇಲೆ ಕಾಯ್ತಾ ಕೂತ ಜನ. ಎದುರಿಗೆ ತೆರೆದ ಬಾಗಿಲು. ಪಕ್ಕದಲ್ಲಿ ಖಾಲಿ ಕುದುರೆ. ಯಾರು ಮೊದಲು ಬರ್ತಾರೋ ಅವರು ಹತ್ತಲಿ. ಪುರೋಹಿತರಿಗೂ ಪಾದ್ರಿಗಳಿಗೂ ಒಪ್ಪಿಗೆ, ಯಾಕಂದರೆ ಮೊದಲು ಯಾರು ಬರೋದು ಅಂತ ಇಬ್ಬರಿಗೂ ಗೊತ್ತು.

ಏಪ್ರಿಲ್ 10, ಸಂಜೆ

ಸಮಿತಿಯವರದೇ ಮುಖ ತಗೊಂಡೆ. ಹುಬ್ಬಿಗೆ ವ್ಯಾಸಲೀನ್, ಮುಖಕ್ಕೆ ದಂತವೈದ್ಯರು ಹಲ್ಲಿನ ಅಚ್ಚಿಗೆ ಬಳಸೋ ಪೇಸ್ಟ್, ಮೇಲೆ ಪ್ಲಾಸ್ಟರ್ ಬಟ್ಟೆ. ಮೂಗಿನ ಹೊಳ್ಳೆ ಮಾತ್ರ ಬಿಟ್ಟಿರ್ತೀನಿ. ಮಾತಾಡ್ಬಾರದು ಅಂತ ಹೇಳಿದರೂ ಪುರೋಹಿತರು ಒಳಗಿಂದಲೇ "ಹುಬ್ಬು ಕಿತ್ತು ಬರಲ್ಲ ತಾನೇ?" ಅಂದರು. ಪಾದ್ರಿಗಳು ಸೀನಿದರು. ಪೂರ್ತಿ ಮುಖ ಎರಡು ಮಾರು ದೂರ ಹೋಗಿ ಕುದುರೆಗೆ ಬಡೀತು.

ರಬ್ಬಿಗಳೂ ಮೌಲ್ವಿ ಸಾಹೇಬರೂ ತಮ್ಮ ಬೊಂಬೆ ಬೇಡ ಅಂದರು. ಅವರ ಜಾಗದಲ್ಲಿ ಬೆಂಚಿನ ಮೇಲೆ ಒಂದು ಟೋಪಿ, ಒಂದು ಕೊಡೆ. ಈಗಷ್ಟೇ ಎದ್ದು ರಸ್ತೆ ನೋಡೋಕೆ ಹೋದವರ ಹಾಗೆ. ಅದೇ ಎಲ್ಲಕ್ಕಿಂತ ಚೆನ್ನಾಗಿದೆ. ಕೊಟ್ಟ ಕೊಡೆ ಯಾವಾಗ ವಾಪಸ್ಸು ಅಂತ ಸಾಹೇಬರು ಆಗಲೇ ಒಂದು ಸಲ ಕೇಳಿದಾರೆ.

ತೊಂದರೆ ಬೇರೆ. ಅಚ್ಚು ಹಾಕೋವಾಗ ಕಣ್ಣು ಮುಚ್ಚಿರ್ತಾರಲ್ಲ. ನಾಲ್ವರೂ ಊಟ ಮಾಡಿ ಮಲಗಿದ ಹಾಗಿದಾರೆ. ಮೇಡಂ ನೋಡಿ, "ಇವರು ಕಾಯ್ತಿಲ್ಲ, ಬಸ್ ತಪ್ಪಿಸ್ಕೊಂಡಿದಾರೆ" ಅಂದರು. ಇರಲಿ, ಬೆಂಚಿನ ಮೇಲೆ ತೂಕಡಿಸೋರೂ ಬೇಕು. ಆದರೆ ಬಾಗಿಲ ಹತ್ತಿರ ಒಬ್ಬರಾದರೂ ಎದ್ದು ನಿಂತಿರ್ಬೇಕು. ನಿಜವಾಗಿ ಕಾಯೋ ಮುಖ. ಎಲ್ಲಿಂದ ತರಲಿ?

ಮನೇಲಿ ಹೇಳಿದೆ. ಹೆಂಡತಿ ತರಕಾರಿ ಹೆಚ್ಚೋದು ನಿಲ್ಲಿಸಲೂ ಇಲ್ಲ. "ಕಾಯೋ ಮುಖ ಬೇಕಾ ನಿಮಗೆ? ನಿಮ್ಮ ಅಕ್ಕನ ಮನೆಗೆ ಹೋಗಿ ರೀ."

ಏಪ್ರಿಲ್ 11, ರಾತ್ರಿ ಊಟಕ್ಕೆ ಮುಂಚೆ

ಹೋದೆ. ಹೇಳದೆ ಕೇಳದೆ, ಬಕೆಟ್, ಪ್ಲಾಸ್ಟರ್ ಸಮೇತ. ಅಕ್ಕ ಬಾಗಿಲ ಹತ್ತಿರ ಕುರ್ಚಿ ಹಾಕ್ಕೊಂಡು ಕೂತಿದ್ದಳು. ನನ್ನ ನೋಡಿದ್ದೇ ಮುಖ ಇಷ್ಟಗಲ ಆಯ್ತು.

"ಬಂದ್ಯಾ! ಅಂತೂ ಬಂದ್ಯಲ್ಲೋ! ಎಲ್ಲಿ, ಕೀಸುಳಿ ತೆಗಿ."

"ಕೀಸುಳಿ ತಂದಿಲ್ಲಕ್ಕ."

"ಮತ್ತೆ ಬಕೆಟ್ ಯಾಕೆ? ಬಾಗಿಲಿಗೆ ಸ್ನಾನ ಮಾಡಿಸ್ತೀಯಾ?"

ಮುಖದ ಅಚ್ಚು ಬೇಕು ಅಂದೆ. ಯಾರ ಬೊಂಬೆಗೆ ಅಂತ ಕೇಳಿದಳು. ಕಾಯೋರ ಬೊಂಬೆಗೆ ಅಂದೆ. ಬಕೆಟ್ ಒಳಗೆ ಇಣುಕಿದಳು.

"ಕಾಯಿಸೋನು ನೀನು. ಕಾಯೋ ಮುಖನೂ ಬಂದು ನೀನೇ ತಗೊಂಡು ಹೋಗ್ತೀಯಾ? ಬಿಟ್ಟಿ ಯಾವುದನ್ನೂ ಬಿಡಲ್ಲ ನೀನು. ಬಾ, ಬಳಿ."

ಬಳಿದೆ. ಪ್ಲಾಸ್ಟರ್ ಒಳಗೇ ನಗ್ತಿದ್ದಳು. ಹೊಟ್ಟೆ ಕುಲುಕ್ತಿತ್ತು. "ನಗ್ಬೇಡ, ಕಾಯೋ ಹಾಗೆ ಇರು" ಅಂದೆ. ಮೂಗಿನಿಂದಲೇ "ಹ್ಯಾಗಿರ್ಲೋ, ಬಂದುಬಿಟ್ಟಿದೀಯಲ್ಲ!" ಅಂದಳು. ಅಚ್ಚು ಬಿಡಿಸಿ ನೋಡಿದರೆ ಕೆನ್ನೆ ಎರಡೂ ಕಣ್ಣಿನ ತನಕ ಏರಿದೆ. ಮದುವೆ ಮನೆ ಮುಖ.

ಬರೋವಾಗ ಬಾಗಿಲು ಹಾಕ್ಕೋ ಅಂದೆ. "ಬೇಡ ಕಣೋ. ಹಾಕಿದರೆ ಎಳೆಯೋಕೆ ನನ್ನ ಕೈಲಾಗಲ್ಲ. ಹಿಂದೊಂದ್ಸಲ ನೀನು ಬಂದು ತಟ್ಟಿ, ತೆಗೀಲಿಲ್ಲ ಅಂತ ವಾಪಸ್ಸು ಹೋದೆ ನೋಡು. ಅವತ್ತಿಂದ ತೆಗೆದೇ ಇಟ್ಟಿರ್ತೀನಿ."

ಏಪ್ರಿಲ್ 12

ಅವಳ ನಗೋ ಮುಖ ಇಲ್ಲೇ ಟೇಬಲ್ ಮೇಲಿದೆ. ನನ್ನೇ ನೋಡ್ತಿದೆ.

ಯೋಚನೆ ಮಾಡ್ದೆ. ಕಾಯೋ ಮುಖಾನ ಬರೋನು ಯಾವತ್ತೂ ನೋಡಲ್ಲ, ಅಲ್ವಾ? ಅವನು ಬಂದ ತಕ್ಷಣ ಅದು ಹೋಗಿಬಿಡುತ್ತೆ. ಕಲ್ಕಿ ಬರಲಿ, ಮೈತ್ರೇಯ ಬರಲಿ, ಯಾರೇ ಬರಲಿ. ಬಂದೋರಿಗೆ ಕಾಣೋದು ಇಷ್ಟಗಲದ ಮುಖವೇ. ಎಲ್ಲರೂ ಚೆನ್ನಾಗೇ ಇದಾರೆ, ಇನ್ನಷ್ಟು ತಡವಾಗಿ ಬಂದಿದ್ದರೂ ನಡೀತಿತ್ತು ಅಂದ್ಕೋತಾರೆ. ನನಗೂ ಹಾಗೇ ಅನ್ನಿಸ್ತಿತ್ತಲ್ಲ, ಅಕ್ಕನ ಮನೆಗೆ ಹೋದಾಗೆಲ್ಲ.

ಮೇಡಂ ಬಾಗಿಲಲ್ಲಿ ತಲೆ ಹಾಕಿ, "ಮುಖ?" ಅಂದರು. "ನಾಳೆ" ಅಂದೆ. ಪರದೆ ಕಂಪನಿಯವನು ಟೇಪ್ ಹಿಡ್ಕೊಂಡು ನನ್ನ ಕೋಣೆ ಗೋಡೆ ಅಳೀತಿದ್ದ. ನಾನಿದ್ದ ಹಾಗೇ, ನನ್ನ ಸುತ್ತ.

ಅಕ್ಕನಿಗೆ ಫೋನ್ ಮಾಡಿದೆ. ನಾಳೆ ನಾಲ್ಕು ಗಂಟೆಗೆ ಬರ್ತೀನಿ, ಕೀಸುಳಿ ಸಮೇತ. "ಹೂಂ" ಅಂದಳು, ಆಪರೇಟರ್ ದನಿಯಲ್ಲಿ.

ನಾಲ್ಕಕ್ಕೆ ಹೋಗ್ತೀನಿ. ಆದರೆ ಎದುರು ಫುಟ್‌ಪಾತ್‌ಗೆ. ಒಂದರ್ಧ ಗಂಟೆ ನೋಡಿ, ಪೆನ್ಸಿಲ್‌ನಲ್ಲಿ ಮುಖ ಹಿಡ್ಕೊಂಡು, ಆಮೇಲೆ ರಸ್ತೆ ದಾಟೋದು.

ಏಪ್ರಿಲ್ 13, ನಾಲ್ಕು ಗಂಟೆ

ಮೆತ್ತಗೆ ಮಾತಾಡ್ತಿದೀನಿ. ಸೈಕಲ್ ಶಾಪ್ ಪಕ್ಕ, ನಿಂತ ವ್ಯಾನ್ ಹಿಂದೆ ಇದೀನಿ. ಶಾಪ್‌ನವನು ನನ್ನ ಕಳ್ಳ ಅಂದ್ಕೊಂಡಿದಾನೆ. ಪಾದ್ರಿಗಳ ಮಾತು ನೆನಪಾಯ್ತು.

ಅಕ್ಕ ಕುರ್ಚೀಲಿದಾಳೆ. ತಲೆ ಬಾಚಿದಾಳೆ. ಸ್ಟೂಲ್ ಮೇಲೆ ಎರಡು ಲೋಟ, ಮೇಲೆ ತಟ್ಟೆ ಮುಚ್ಚಿದೆ. ಬಸ್‌ಸ್ಟಾಪ್ ಕಡೆ ನೋಡ್ತಿದಾಳೆ, ನಾನಿರೋದು ಈ ಕಡೆ. ಮುಖ… ಅರ್ಧ ಮಾತ್ರ ಕಾಣುತ್ತೆ. ಇರಿ, ಬರೀತೀನಿ.

ಬಸ್ ಬಂತು. ಅರ್ಧ ಎದ್ದಳು. ಇಳಿದೋರನ್ನ ಒಬ್ಬೊಬ್ಬರನ್ನೇ ನೋಡಿದಳು. ಕೂತಳು.

ಫೋನ್ ಎತ್ಕೊಂಡಳು. ಅಯ್ಯೋ, ನನಗೇ—

…ಮತ್ತೆ ಆನ್ ಮಾಡಿದೀನಿ. "ಎಲ್ಲಿದೀಯೋ?" ಅಂದಳು. "ದಾರೀಲಿದೀನಕ್ಕ" ಅಂದೆ. ಸುಳ್ಳೇನಲ್ಲ. "ನಿಧಾನ ಬಾ, ಅವಸರ ಇಲ್ಲ" ಅಂದಳು. ಎಷ್ಟು ಸಲೀಸಾಗಿ ಅಂದಳು! ಫೋನ್‌ನಲ್ಲಿ ಯಾವಾಗಲೂ ಹಿಂಗೇ ಅನ್ನೋದು. ಇಟ್ಟ ಮೇಲೆ ಹೆಂಗಿರ್ತಾಳೆ ಅಂತ ನಾನು ನೋಡೇ ಇರಲಿಲ್ಲ.

ಬಾಯಿ ಅಲ್ಲಾಡ್ತಿದೆ. ಒಬ್ಬಳೇ ಮಾತಾಡ್ತಿದಾಳಾ? ಬೆರಳು ಎತ್ತಿ… ಓ. ಬೈಯೋದು ಪ್ರಾಕ್ಟೀಸ್ ಮಾಡ್ತಿದಾಳೆ! ಖಾಲಿ ಮೆಟ್ಟಿಲಿಗೆ ಬೆರಳು ಆಡಿಸಿ ಬೈತಿದಾಳೆ. ಒಂದು ಮಾತು ಸರಿಯಾಗಿ ಬಂತು ಅನ್ಸುತ್ತೆ, ತಾನೇ ನಕ್ಕಳು. ಮತ್ತೆ ಮೊದಲಿಂದ.

ಈಗ ನಿಂತಿತು. ಲೋಟದ ಮೇಲೆ ಅಂಗೈ ಇಟ್ಟು ಬಿಸಿ ಇದೆಯಾ ಅಂತ ನೋಡಿದಳು. ತಲೆ ಎತ್ತಿದಳು. ಇದೇ. ಇದೇ ಮುಖ. ಪೂರ್ತಿ ಕಾಣ್ತಿದೆ. ಸ್ವಲ್ಪ ಹೊತ್ತು ಹಿಂಗೇ ಇದ್ದರೆ ಹಾಲ್ ಉಳೀತು, ಕೋಣೆ ಉಳೀತು. ಕಣ್ಣಿನ ಕೆಳಗೆ ಒಂದು ಗೆರೆ, ತುಟಿ ಪಕ್ಕ…

ಇಲ್ಲಪ್ಪ. ಇದನ್ನ ಕದ್ದು ಬರೆಯೋಕೆ ಪೆನ್ಸಿಲ್ ಓಡ್ತಿಲ್ಲ.

ಮುಖದ ಬದಲು ಬೆನ್ನು ಮಾಡ್ತೀನಿ. ಹೌದು. ಬಾಗಿಲ ಕಡೆ ತಿರುಗಿ ನಿಂತ ಬೆನ್ನು, ಕೈಲಿ ಮುಚ್ಚಿದ ಲೋಟ. ಮುಖ ಜನಕ್ಕೆ ಕಾಣೋದೇ ಬೇಡ, ಬರೋರು ಬಂದು ನೋಡ್ಕೊಳ್ಳಲಿ. ಮೇಡಂ ಏನಂತಾರೋ ಸೋಮವಾರ ನೋಡೋಣ. ಕೀಸುಳಿ ಚೀಲದಲ್ಲಿದೆ. ಇದೆ.

ದಾಟ್ತಿದೀನಿ. ಏಯ್, ಸ್ಕೂಟರ್, ನೋಡ್ಕೊಂಡು ಹೋಗಪ್ಪಾ! ದನಿ ಕೇಳಿತು ಅವಳಿಗೆ. ಈ ಕಡೆ ತಿರುಗಿದಳು. ನೋಡಿದಳು. ಹೋಯ್ತು, ಆ ಮುಖ ಹೋಗೇಬಿಡ್ತು… ಎದ್ದು ನಿಂತಳು, ಬೆರಳು ಎತ್ತಿದಳು, ಅಷ್ಟೊತ್ತು ಪ್ರಾಕ್ಟೀಸ್ ಮಾಡಿದ್ದಳಲ್ಲ, ಬಾಯಿ ತೆಗೆದಳು, ಆದರೆ ಬೈಗುಳದ ಬದಲು ನಗುವೇ ಬಂತು. ಮುಖ ಮತ್ತೆ ಇಷ್ಟಗಲ.