ಹಗ್ಗ ಹಿಡಿದವನ ಪಾಲು

ಕೇಣಿ, ಅಂಕೋಲಾ
೧೪ ನವೆಂಬರ್ ೨೦೨೪, ಗುರುವಾರ

ಪ್ರೀತಿಯ ರೋಷನ ದಾದಾ,

ಹೇಗಿದ್ದೀಯ? ನಿನಗೆ ಮೊಣಕಾಲು ನೋವೆಂದು, ನಿಮ್ಮ ಕಡೆ ಬೋಟಿನ ಕೆಲಸಕ್ಕೆ ಹೋಗುವ ನಮ್ಮೂರ ಹುಡುಗ ಕಿಶನ ಹೇಳಿದ. ರತ್ನಾಗಿರಿಯಿಂದ ನಿನ್ನ ವಿಳಾಸ ತಂದವನೂ ಅವನೇ. ಬೋಟಿನಲ್ಲಿ ಒದ್ದೆ ಬಟ್ಟೆಯಲ್ಲೇ ಕೂರಬೇಡ. ವೈನಿ, ಮಕ್ಕಳು ಸೌಖ್ಯವೇ? ಆಯಿ ಗಟ್ಟಿ ಇದ್ದಾಳೆ. ಎಂಬತ್ತೆರಡರಲ್ಲೂ ಪೇಟೆಗೆ ಹೋಗಿ, ಮೀನು ಮುಟ್ಟಿ ನೋಡಿ, 'ಇದು ಬರ್ಫದ್ದು, ತಾಜಾ ಅಲ್ಲ' ಎಂದು ಬೈದು ಬರುತ್ತಾಳೆ.

ಇಪ್ಪತ್ತಾರು ವರ್ಷದ ಮೇಲೆ ಬರೆಯುತ್ತಿದ್ದೇನೆ, ಸುತ್ತಿ ಬಳಸುವುದಿಲ್ಲ. ನೌಕಾನೆಲೆಗೆಂದು ಅಮದಳ್ಳಿ ಆಚೆಯ ನಮ್ಮ ಹಳ್ಳಿಯನ್ನು ಎಬ್ಬಿಸಿದಾಗ ಊರೆಲ್ಲ ಧರಣಿ ಕೂತಿತ್ತು. ಒಪ್ಪಿಗೆ ಕಾಗದಕ್ಕೆ ಮೊದಲು ಸಹಿ ಹಾಕಿದವ ನೀನು. ಮೈಕು ಹಿಡಿದು ನಿನ್ನನ್ನು ದ್ರೋಹಿ ಎಂದವಳು ನಾನು. ಮರುದಿನ ನೀನು ಊರಲ್ಲಿರಲಿಲ್ಲ.

ಊರು ಹೋಯಿತು, ಬಲೆ ಉಳಿಯಿತು. ನಮ್ಮವರು ಈ ಕೇಣಿ ದಂಡೆಗೆ ಬಂದು, ಎಲ್ಲರೂ ಸೇರಿ ದಂಡೆಯಿಂದ ಹಗ್ಗ ಹಿಡಿದು ಎಳೆಯುವ ಆ ರಂಪಣಿ ಬಲೆಯನ್ನು ಮತ್ತೆ ಎಳೆದರು. ಮೊದಲ ದಿನ ಮೀನು ಪಾಲು ಮಾಡುವಾಗ ಬಲೆಯ ಯಜಮಾನ ಕಾಶಿ ಮಾಮ ಒಬ್ಬೊಬ್ಬರ ಹೆಸರು ಕರೆಯುತ್ತ, 'ರೋಷನ!' ಎಂದ. ನಾನು ಉರಿದುಬಿದ್ದೆ. ಆ ಹೆಸರು ತೆಗಿ ಎಂದೆ. 'ಒಂದ್ಸಲ ಈ ಹಗ್ಗ ಹಿಡಿದವನ ಹೆಸರು ಅವ ಸಾಯೋತನಕ ಕರೀಬೇಕು. ತೆಗೀಲಿಕ್ಕೆ ನೀ ಯಾರೇ? ದೊಡ್ಡ ಮಾಮಲೇದಾರ ಬಂದ್ಲು!' ಎಂದು ದಂಡೆಯನ್ನೆಲ್ಲ ನಗಿಸಿದ. ಅಂದಿನಿಂದ ನಿನ್ನ ಪಾಲಿನ ಬುಟ್ಟಿಯನ್ನು ಆಯಿ ತರುತ್ತಾಳೆ. ನಾನು ಅದರಲ್ಲಿ ಒಂದು ತುಂಡೂ ಮುಟ್ಟಿರಲಿಲ್ಲ. ಹಟ ಎಂದರೆ ಹಟ.

ಈಗ ನಗಬೇಡ, ನಾನು ಬೈಬಲ್ ಓದುತ್ತಿದ್ದೇನೆ. ನಮ್ಮ ನಿರಾಶ್ರಿತರ ಸಂಘದ ಮಾರ್ಸೆಲಿನ್ ಬಾಯಿ ಕಾರವಾರದಲ್ಲಿ ಕೊಟ್ಟಳು. ಅದರ ಹಳೆಯ ಭಾಗ, ಯೆಹೂದಿಗಳ ಗ್ರಂಥ. ಇಟ್ಟಿಗೆ ಮಾಡುವ ಗುಲಾಮರು ಗೋಳಿಟ್ಟರಂತೆ, ಅವರ ಪೂರ್ವಿಕರಿಗೆ ಕೊಟ್ಟ ಮಾತನ್ನು ದೇವರು ನೆನಪು ಮಾಡಿಕೊಂಡನಂತೆ. ಮೈ ಉರಿಯಿತು. ಕಚೇರಿಗಳಲ್ಲೂ 'ನಿಮ್ಮ ಅರ್ಜಿ ನೆನಪಿದೆ' ಎಂದೇ ಅಲ್ಲವೇ ಸಾಗಹಾಕುವುದು! ಮಾರ್ಸೆಲಿನ್ ಗದರಿದಳು: 'ಅಲ್ಲಿ ದೇವ್ರು ನೆನಪು ಮಾಡ್ಕಂಡ ಅಂದ್ರೆ ಎದ್ದು ಬಂದ ಅಂತ ಹೀರಾ, ಸುಮ್ನೆ ಕೂತ ಅಂತಲ್ಲ. ಮುಂದೆ ಓದು.' ಓದಿದೆ. ಎದ್ದು ಬಂದ, ಬಿಡಿಸಿದ. ಬಿಡಿಸಿಕೊಂಡವರೋ, ಬಂಗಾರದ ಕರು ಮಾಡಿ ಅದರ ಮುಂದೆ ಕುಣಿದರು! ದೇವರಿಗೂ ನನ್ನ ಹಾಗೆ ಸಿಟ್ಟು ನೆತ್ತಿಗೇರಿತು. ಎಲ್ಲರನ್ನೂ ಮುಗಿಸುತ್ತೇನೆ ಎಂದ. ಅವರ ಮುಂದಾಳು ಮೋಶೆ ಅಡ್ಡ ನಿಂತ. ನೀನು ಕೊಟ್ಟ ಮಾತು ನೆನಪು ಮಾಡಿಕೋ, ಅವರನ್ನು ಕ್ಷಮಿಸದಿದ್ದರೆ ನಿನ್ನ ಪುಸ್ತಕದಿಂದ ನನ್ನ ಹೆಸರನ್ನೂ ಅಳಿಸು ಎಂದ. ದೇವರು ಶಿಕ್ಷೆ ಕೊಟ್ಟ, ಕೈಬಿಡಲಿಲ್ಲ.

ಹರಕು ಬನಿಯನ್ ತೊಟ್ಟು ನಿನ್ನ ಹೆಸರು ಕರೆಯುವ ಕಾಶಿ ಮಾಮ ನನ್ನ ಕಣ್ಣೆದುರು ಬಂದ. ದೇವರಿದ್ದಾನೋ ಇಲ್ಲವೋ ಎಂಬ ಜಗಳಕ್ಕೆ ನಾನು ಈಗಲೂ ಸಿದ್ಧ. ಆದರೆ ತಪ್ಪು ಮಾಡಿದವರ ಹೆಸರನ್ನೂ ಬಿಡದೆ ಕರೆಯುವ ಈ ದೇವರ ಜೊತೆ ನನಗೆ ತಕರಾರಿಲ್ಲ. ನೀನು ಸಹಿ ಹಾಕಿದ್ದು ತಪ್ಪು, ಇವತ್ತೂ ಹೇಳುತ್ತೇನೆ. ಪಾಲು ನಿನ್ನದೇ, ಅದನ್ನೂ ಹೇಳುತ್ತೇನೆ.

ಆಯಿಯ ಆಶೀರ್ವಾದ ನಿನ್ನ ಮನೆಯವರೆಲ್ಲರ ಮೇಲಿರಲಿ. ಮಕ್ಕಳಿಗೆ ಈ ಜಗಳಗಂಟಿ ಅತ್ತೆಯ ಮುತ್ತು.

ನಿನ್ನ ತಂಗಿ,
ಹೀರಾ

ತಾ.ಕ.: ಈ ಕಾಗದ ತರುವ ಕಿಶನ ಬಸ್ಸಿಗೆ ಹೊರಟು ನಿಂತಿದ್ದಾನೆ, ಗಡಿಬಿಡಿ. ನಿನ್ನೆ ನಿನ್ನ ಪಾಲಿನ ಬಾಂಗ್ಡೆ ತಿಂದೆ, ಮೂರು. ಆಯಿ ನೋಡಿದಳು, ನಾಲ್ಕನೆಯದು ಬಡಿಸಿದಳು. ಶನಿವಾರ ಬಲೆ ಬಿಡುತ್ತಾರೆ. ಕಾಶಿ ಮಾಮ ಕರೆದಾಗ 'ಓ' ಅನ್ನಲಿಕ್ಕೆ ನೀನೇ ಬಾ.