ಲಿಫ್ಟರ್‌ನ ಮೊಳಕೈ

೧೧-೧೧-೯೭, ಮಂಗಳವಾರ. ಬೆಳಿಗ್ಗೆ ೮

ವಾಲಿಬಾಲ್ ಪ್ರಾಕ್ಟೀಸ್ ಮುಗಿಸಿ ಈಗ ಬಂದೆ. ಹದಿನೆಂಟು ಸ್ಮ್ಯಾಶ್, ಹದಿನಾರು ಒಳಗೆ. ಒಂದು ಏಟಿಗೆ ಬಾಲಿನ ಹೊಲಿಗೆಯೇ ಬಿಟ್ಟಿತು. ವಾಕಿಂಗ್ ಬಂದವರೂ ನಿಂತು ನೋಡಿದರು. ನೋಡಿದ್ದು ನನ್ನನ್ನು. ಎತ್ತಿಕೊಟ್ಟವನನ್ನು ಯಾರು ನೋಡುತ್ತಾರೆ?

ಆದರೆ ನಮ್ಮ ಕೋಚ್ ಹಿದಾಯತ್ ಸರ್‌ಗೆ ಬಾಲ್ ಎತ್ತಿಕೊಡುವ ಲಿಫ್ಟರ್ ಉಚ್ಚೆಂಗಪ್ಪ ಅಂದರೆ ಪ್ರಾಣ. ಟೀ ಅಂಗಡಿಯಲ್ಲಿ ಮತ್ತೆ ಅದೇ ವಾದ.

"ಲಿಫ್ಟರ್‌ಗೆ ತೋಳ್ಬಲ ಯಾಕ ಬೇಕೋ ಕೊಟ್ರೇಶಿ? ಕಣ್ಣು ಬೇಕು, ಬೆರಳು ಬೇಕು."

"ಹಂಗಂತ ಕೂಸು ಎತ್ತಾಡಿಸಿದಂಗೆ ಕೆಳಗಿಂದ ಸರ್ವಿಸ್ ಮಾಡೋದೂ ಆಟನಾ ಸರ್?" ಅಂದೆ.

ಎಲ್ಲರೂ ನಕ್ಕರು. ಉಚ್ಚೆಂಗಪ್ಪನೂ ನಕ್ಕ. ಅವನು ಹಾಗೆ ನಗುವುದು ಕಂಡರೆ ನನಗೆ ಮೈ ಉರಿಯುತ್ತದೆ. ಮಾಯಕೊಂಡದವನು, ಇಲ್ಲಿ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕೆಲಸ. ಎಂಟು ವರ್ಷದಿಂದ ನನಗೆ ಬಾಲ್ ಎತ್ತುವವನು ಅವನೇ. ಬಾಲ್ ಅವನ ಬೆರಳಿಗೆ ತಾಗುವ ಮೊದಲೇ ನಾನು ಓಡಿ ಹಾರಿರುತ್ತೇನೆ. ಅದು ನನ್ನ ಅಂಗೈಗೆ ಬಂದೇ ಬರುತ್ತದೆ. ನಾನು ನೋಡುವುದೂ ಇಲ್ಲ.

೨೩-೧೧-೯೭, ಭಾನುವಾರ

ಹರಿಹರದ ಫ್ಯಾಕ್ಟರಿಯಲ್ಲಿ ಸ್ಪೋರ್ಟ್ಸ್ ಕೋಟಾ. ವಾಲಿಬಾಲ್‌ಗೆ ಒಂದೇ ಪೋಸ್ಟ್. ಪರ್ಮನೆಂಟ್. ಫೆಬ್ರವರಿಗೆ ನನಗೆ ಇಪ್ಪತ್ತೆಂಟು ತುಂಬುತ್ತದೆ, ಆಮೇಲೆ ವಯಸ್ಸು ಮೀರಿತು. ಈ ಸಲ ಇಲ್ಲ ಅಂದರೆ ಇನ್ನು ಇಲ್ಲವೇ ಇಲ್ಲ. ನಮ್ಮೂರಿನ ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆಯ ಮಕ್ಕಳಿಗೆ ಲೆಕ್ಕದ ಟ್ಯೂಷನ್ ಹೇಳಿಕೊಂಡು ಮುದುಕನಾಗುವುದೇ.

ಹಿದಾಯತ್ ಸರ್ ಇಬ್ಬರ ಹೆಸರೂ ಕಳಿಸಿದ್ದಾರೆ. ಅಲ್ಲಿನ ಕ್ರೀಡಾ ಅಧಿಕಾರಿ ವಾಮದೇವಪ್ಪ ನಮ್ಮ ದಸರಾ ಮ್ಯಾಚ್ ನೋಡಿದ್ದರಂತೆ. "ಆ ಲಿಫ್ಟರ್ ಯಾರ್ರಿ?" ಅಂತ ಕೇಳಿದರಂತೆ.

ಲಿಫ್ಟರ್ ಅಂತೆ… ಹದಿನೈದರಲ್ಲಿ ಒಂಬತ್ತು ಪಾಯಿಂಟ್ ನನ್ನವು.

೪-೧೨-೯೭, ಗುರುವಾರ. ಸಂಜೆ

ಸರ್ಟಿಫಿಕೇಟ್ ಕೊಡಲು ಹರಿಹರಕ್ಕೆ ಹೋಗಿದ್ದೆ. ವಾಮದೇವಪ್ಪ ಒಳ್ಳೆಯ ಮನುಷ್ಯ. "ಬರ್ರಿ, ಕೂಡ್ರಿ" ಅಂದರು. ನನ್ನ ಫೈಲ್ ತೆರೆಯುವ ಮೊದಲೇ, "ನಿಮ್ಮ ಲಿಫ್ಟರ್ ಬರ್ಲಿಲ್ಲೇನು?"

ಹೇಳಿಬಿಟ್ಟೆ.

"ಸರ್, ಅವನ ಬಲ ಮೊಳಕೈ ಪೂರ್ತಿ ನೆಟ್ಟಗಾಗಲ್ಲ. ಅದಕ್ಕೇ ಯಾವಾಗ್ಲೂ ತುಂಬು ತೋಳಿನ ಅಂಗಿ. ಮೆಡಿಕಲ್‌ನಾಗ ತೊಂದ್ರೆ ಆದೀತು… ನಿಮಗೆ ಮುಂಚೆ ಗೊತ್ತಿರ್ಲಿ ಅಂತ."

ಪೆನ್ನು ಕೆಳಗಿಟ್ಟರು. "ಹೌದಾ" ಅಂದರು. ಅಷ್ಟೇ.

ನಾನು ಸುಳ್ಳು ಹೇಳಲಿಲ್ಲ. ಮೂರು ವರ್ಷದ ಹಿಂದೆ ಮ್ಯಾಚ್ ಮುಗಿಸಿ ಇದೇ ಹರಿಹರದ ಹೊಳೆಯಲ್ಲಿ ನಾವಿಬ್ಬರೇ ಈಜುವಾಗ ಕಂಡದ್ದು. ಚಿಕ್ಕವನಿದ್ದಾಗ ಹುಣಸೆ ಮರದಿಂದ ಬಿದ್ದಿದ್ದನಂತೆ. ಊರಿನ ಒಬ್ಬ ಅಜ್ಜ ಮೂಳೆ ಕಟ್ಟಿದ್ದು, ಹಾಗೇ ಕೂಡಿಕೊಂಡಿತು. "ಯಾರಿಗೂ ಹೇಳಬ್ಯಾಡ ಮಾರಾಯ" ಅಂದಿದ್ದ. ಮೂರು ವರ್ಷ ಹೇಳಲಿಲ್ಲವಲ್ಲ. ಇನ್ನೆಷ್ಟು ವರ್ಷ ಬಾಯಿ ಮುಚ್ಚಿಕೊಂಡಿರಬೇಕಿತ್ತು?

೧೮-೧೨-೯೭, ಗುರುವಾರ

ಟ್ರಯಲ್‌ಗೂ ಮುಂಚೆಯೇ ಉಚ್ಚೆಂಗಪ್ಪನನ್ನು ಮೆಡಿಕಲ್‌ಗೆ ಕರೆಸಿದರಂತೆ. ಡಾಕ್ಟರು ಎದೆ, ಕಣ್ಣು ಏನೂ ನೋಡಲಿಲ್ಲವಂತೆ, ಮೊದಲಿಗೇ ಬಲ ತೋಳು ನೆಟ್ಟಗೆ ಚಾಚಲು ಹೇಳಿದರಂತೆ. ಅನ್‌ಫಿಟ್.

ಅದನ್ನು ಹೇಳಲು ನಮ್ಮ ಮನೆಗೇ ಬಂದ. "ಹೋಗ್ಲಿ ಬಿಡು. ಆ ಪೋಸ್ಟ್ ಇನ್ನು ನಿಂದೇ. ನಾಳೆಯಿಂದ ಅರ್ಧ ತಾಸು ಜಾಸ್ತಿ ಆಡೋಣ." ಅವ್ವ ರೊಟ್ಟಿ ಬಡಿಸಿದಳು. ಎರಡು ಹೆಚ್ಚೇ ತಿಂದ. ನಾನು ತಟ್ಟೆ ಸರಿಸಿದೆ. ಖಾರ ಹೆಚ್ಚಾಯ್ತು ಅಂತ ಅವ್ವನ ಮೇಲೆ ರೇಗಿದೆ.

೧೧-೧-೯೮, ಭಾನುವಾರ. ಮಧ್ಯಾಹ್ನ ೩. ಹರಿಹರ ಬಸ್ ಸ್ಟ್ಯಾಂಡ್

ಬಸ್ಸು ಬಂದಿಲ್ಲ. ಉಚ್ಚೆಂಗಪ್ಪ ಟೀ ತರಲು ಹೋಗಿದ್ದಾನೆ. ಬರೆದು ಮುಗಿಸುತ್ತೇನೆ.

ಬೇಡ ಅಂದರೂ ಟ್ರಯಲ್‌ಗೆ ಜೊತೆಗೆ ಬಂದ. ನನ್ನ ಬ್ಯಾಗ್ ಅವನೇ ಹೊತ್ತ. ಬಸ್ಸಿನಲ್ಲಿ ಮೂರು ಸಲ ಹೇಳಿದ: "ಅವರ ಲಿಫ್ಟರ್ ಕೈ ನೋಡಬ್ಯಾಡ. ಬಾಲ್ ಮ್ಯಾಲೆದ್ದ ಮ್ಯಾಲೆ ಓಡು." ಗೊತ್ತು ಗೊತ್ತು ಅಂದೆ.

ಮೊದಲ ಬಾಲ್. ನಾನು ಹಾರಿ ಇಳಿದಾಗ ಬಾಲ್ ಇನ್ನೂ ಮೇಲಕ್ಕೇ ಹೋಗುತ್ತಿತ್ತು. ಇಳಿದು ಬಂದು ನನ್ನ ತಲೆಗೇ ಬಡಿಯಿತು. ಎರಡನೆಯದು ನೆಟ್ಟಿಗೆ. ಮೂರನೆಯದಕ್ಕೆ ಕಾಯಬೇಕು, ಕಾಯಬೇಕು ಅಂದುಕೊಂಡೆ. ಕಾಲು ಕೇಳಲಿಲ್ಲ. ಎಂಟು ವರ್ಷದ ಚಾಳಿ. ಹತ್ತರಲ್ಲಿ ಒಂದು ಒಳಗೆ ಬಿತ್ತು. ಅದೂ ಬೆರಳ ತುದಿಗೆ ತಾಗಿ ಬಿದ್ದದ್ದು.

ವಾಮದೇವಪ್ಪ ಪಕ್ಕಕ್ಕೆ ಕರೆದರು. "ತೋಳು ಜೋರೈತೆ, ಇಲ್ಲ ಅನ್ನಲ್ಲ. ಆದ್ರೆ ಬಾಲ್‌ಗೆ ಕಾಯೋದು ನಿಮಗೆ ಗೊತ್ತೇ ಇಲ್ಲ. ಇಷ್ಟು ದಿನ ಆ ಮೊಳಕೈ ಹುಡುಗನೇ ನಿಮ್ಮನ್ನ ಆಡಿಸ್ತಿದ್ದ, ಅಲ್ಲೇನ್ರಿ?"

ಬಗ್ಗಿ ಬೂಟಿನ ಲೇಸ್ ಬಿಚ್ಚಿದೆ.

ಪೋಸ್ಟ್ ಮಲೆಬೆನ್ನೂರಿನ ಒಬ್ಬ ಲಿಫ್ಟರ್‌ಗೆ. ಅವನ ತೋಳು ಜೋಳದ ದಂಟಿನ ಹಾಗಿದೆ. ಥೂ.

೨-೨-೯೮, ಸೋಮವಾರ

ಮೂರು ವಾರದಿಂದ ಗ್ರೌಂಡಿಗೆ ಹೋಗಿಲ್ಲ. ಹೆಗಲು ನೋವು ಅಂತ ಹೇಳಿ ಕಳಿಸಿದ್ದೇನೆ. ಇವತ್ತಿಗೆ ಇಪ್ಪತ್ತೆಂಟು. ಅವ್ವ ಪಾಯಸ ಮಾಡಿದ್ದಳು. ಹಿದಾಯತ್ ಸರ್ ಮನೆತನಕ ಬಂದು, "ಉಚ್ಚೆಂಗಪ್ಪ ದಿನಾ ಬಂದು ಒಬ್ಬನೇ ಗೋಡೆಗೆ ಬಾಲ್ ಹಾಕ್ತಾ ಇರ್ತಾನೆ, ನಾಳೆ ಬಾರೋ" ಅಂದರು.

೩-೨-೯೮, ಮಂಗಳವಾರ. ಬೆಳಿಗ್ಗೆ ೮

ಹೋದೆ. ಅವನೊಬ್ಬನೇ ಇದ್ದ. ಅರ್ಧ ತೋಳಿನ ಅಂಗಿ. ಎಂಟು ವರ್ಷದಲ್ಲಿ ಮೊದಲ ಸಲ. ಮೊಳಕೈ ಸೊಟ್ಟಗೆ ಎದ್ದು ಕಾಣುತ್ತಿತ್ತು.

"ಇದೇನೋ" ಅಂದೆ.

"ಇನ್ಯಾರಿಗೆ ಮುಚ್ಚಿಡಲಿ?" ಬಾಲನ್ನು ಎರಡು ಸಲ ನೆಲಕ್ಕೆ ಕುಟ್ಟಿದ. "ಇದು ಮೂರು ಜನಕ್ಕೆ ಗೊತ್ತಿತ್ತು. ನಮ್ಮವ್ವಗೆ. ಮೂಳೆ ಕಟ್ಟಿದ ಅಜ್ಜಗೆ, ಆತ ಸತ್ತು ಐದು ವರ್ಷ ಆತು."

ಮೂರನೆಯವನ ಹೆಸರು ಹೇಳಲಿಲ್ಲ.

"ಯಾವಾಗ ಗೊತ್ತಾತು?"

"ಡಾಕ್ಟರ್ ತೋಳು ಚಾಚು ಅಂದಾಗ್ಲೇ."

ಅಂದರೆ ಅವ್ವನ ರೊಟ್ಟಿ ತಿಂದಾಗ ಗೊತ್ತಿತ್ತು. ಬ್ಯಾಗ್ ಹೊತ್ತಾಗ ಗೊತ್ತಿತ್ತು.

"ಮತ್ತೆ ಹರಿಹರಕ್ಕೆ ಯಾಕ ಬಂದೆ?"

"ನನ್ನದಂತೂ ಹೋಗಿತ್ತು. ನಿಂದಾದ್ರೂ ಆಗ್ಲಿ ಅಂತ."

ಬಯ್ಯಲಿಲ್ಲ. ಬೈದಿದ್ದರೆ ನಾನೂ ಬೈದು ಮನೆಗೆ ಬರುತ್ತಿದ್ದೆ. ನೆಟ್ಟಿನ ಹತ್ತಿರ ಹೋಗಿ ನಿಂತ. ಬಾಲ್ ಎತ್ತಿದ. ಎಂದಿನ ಜಾಗಕ್ಕೇ ಬಂತು, ಒಂದು ಬೆರಳು ಆಚೆ ಈಚೆ ಇಲ್ಲ.

"ಹೊಡಿ" ಅಂದ.

ನಾನು ಓಡದೆ ಅವನ ಕೈಯನ್ನೇ ನೋಡುತ್ತ ನಿಂತೆ, ಬಾಲ್ ನೆಲಕ್ಕೆ ಬಿತ್ತು.