ಕಸಬರಿಗೆಯ ಲೆಕ್ಕಕ್ಕೆ ಬಾರದ ಯಂತ್ರ

ಸಿಂಧನೂರು
18 ನವೆಂಬರ್ 1993, ಗುರುವಾರ

ಪ್ರೀತಿಯ ಅಕ್ಕ ಯಮನೂರಮ್ಮನಿಗೆ,

ನಿನ್ನ ತಮ್ಮ ಕನಕರಾಯ ಮಾಡುವ ನಮಸ್ಕಾರಗಳು. ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಆ ಕ್ಷೇಮದ ಜೊತೆಗೆ ಅವ್ವನ ಕೆಮ್ಮನ್ನೂ ಸೇರಿಸಿ ಓದಿಕೋ. ನೀನು ಮನೆ ಬಿಟ್ಟು ಹೋಗಿ ಮೊನ್ನೆಗೆ ಎರಡು ವರ್ಷ ತುಂಬಿತು. ಇಷ್ಟು ದಿನ ಒಂದು ಸಾಲೂ ಬರೆಯದವನು ಈಗ ಇಷ್ಟು ದಪ್ಪ ಲಕೋಟೆ ಕಳಿಸಿದ್ದಾನೆಂದರೆ ಏನೋ ಕೆಟ್ಟದ್ದು ಆಗಿದೆ ಎಂದು ಗಾಬರಿಯಾಗಬೇಡ. ಕೆಟ್ಟದ್ದೇನೂ ಆಗಿಲ್ಲ. ನಮ್ಮ ಮನೆಗೆ ವ್ಯಾಕ್ಯೂಮ್ ಕ್ಲೀನರ್ ಬಂದಿದೆ.

ನಗಬೇಡ. ಅದನ್ನು ಹೇಳುವುದಕ್ಕೇ ಕೂತಿದ್ದೇನೆ. ಇನ್ನೊಂದು ವಿಷಯವೂ ಇದೆ, ಆದರೆ ನಾನು ಹೇಗೆ ಎಂದು ನಿನಗೆ ಗೊತ್ತು. ಹೇಳಬೇಕಾದದ್ದನ್ನು ಬಿಟ್ಟು ಉಳಿದದ್ದನ್ನೆಲ್ಲ ಮೊದಲು ಹೇಳುವವನು.

ತಡವಾದದ್ದಕ್ಕೆ ಕ್ಷಮಿಸು. ವಿಳಾಸ ಇರಲಿಲ್ಲ ಎಂಬುದು ಅರ್ಧ ನಿಜ, ಅರ್ಧ ನೆಪ. ಹೋದ ತಿಂಗಳು ಅವ್ವನ ಕೆಮ್ಮು ಹೆಚ್ಚಾಗಿ ಲಿಂಗಸುಗೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅಲ್ಲಿ ನಿನ್ನ ಜೊತೆ ನರ್ಸಿಂಗ್ ತರಬೇತಿ ಮಾಡಿದ ಪೀರ್‌ಬೀ ಕೆಲಸಕ್ಕಿದ್ದಾಳೆ. ನನ್ನನ್ನು ನೋಡಿದವಳೇ, "ನೀ ಯಮನೂರಿ ತಮ್ಮ ಅಲ್ಲೇನು? ಮೂಗು ನೋಡಿದ ಕೂಡ್ಲೇ ಗೊತ್ತಾತು ಬಿಡು" ಎಂದಳು. ನೀನು ಗುಲಬರ್ಗಾದಲ್ಲಿ ಸಿಸ್ಟರ್ ಆಗಿರುವುದು ಅವಳಿಂದಲೇ ತಿಳಿಯಿತು. ಅಪ್ಪ ಹರಿದು ಹಾಕಿದ ನೌಕರಿಯ ಆರ್ಡರಿನ ಇನ್ನೊಂದು ಪ್ರತಿ ಕೊಡುವ ತನಕ ಎರಡು ದಿನ ಆಫೀಸಿನ ಮುಂದೆ ಕೂತಿದ್ದೆಯಂತೆ. "ಎಂಥಾ ಹಟಮಾರಿ ಅಕಿ!" ಎಂದು ಪೀರ್‌ಬೀ ಹೆಮ್ಮೆಯಿಂದ ಬೈದಳು. ಔಷಧಿ ಚೀಟಿಯ ಹಿಂದೆ ನಿನ್ನ ವಿಳಾಸ ಬರೆದುಕೊಟ್ಟಳು.

ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು. ವಾಪಸ್ ಬರುವಾಗ ಬಸ್ಸು ಮಸ್ಕಿಯಲ್ಲಿ ನಿಂತಿತು. ನೀನು ಯಾವಾಗಲೂ ಮಿರ್ಚಿಗೆ ಇಳಿಯುತ್ತಿದ್ದ ಅಂಗಡಿಯನ್ನೇ ಕಿಟಕಿಯಿಂದ ನೋಡುತ್ತ ಕೂತಿದ್ದಳು. ನಾನು, "ಅಕ್ಕನ ಸುದ್ದಿ ಬಂತಲ್ಲವ್ವಾ, ಇನ್ನರ ಆ ಖೋಲಿ ಕಸ ಹೊಡಿ" ಎಂದೆ.

"ಅದು ಮಂದಿ ಸುದ್ದಿ" ಎಂದಳು. "ಊರಿಗೆ ಹೋದಾಕಿ ತಾ ಮುಟ್ಟೀನಂತ ತಾನ ಹೇಳಬೇಕು. ಅಲ್ಲೀತನಕ ಕಸಬರಿಗಿ ಮುಟ್ಟಸೂದಿಲ್ಲ."

ಹೌದು ಅಕ್ಕ, ನಿನ್ನ ಖೋಲಿಗೆ ಎರಡು ವರ್ಷದಿಂದ ಕಸಬರಿಗೆ ಬಿದ್ದಿರಲಿಲ್ಲ. ಊರಿಗೆ ಹೋದವರ ಹಿಂದೆ ಕಸ ಹೊಡೆಯಬಾರದು, ಹೆಣ ಎತ್ತಿದ ಮೇಲೆ ಮಾತ್ರ ಹಾಗೆ ಕೂಡಲೇ ಗುಡಿಸುವುದು ಎಂಬ ನೇಮ ನಿನಗೂ ಗೊತ್ತು. ಬೇರೆಯವರಿಗೆ ಅದು ಅರ್ಧ ದಿನದ ನೇಮ. ನಮ್ಮ ಅವ್ವನಿಗೆ ಎರಡು ವರ್ಷದ್ದಾಯಿತು. ನಮ್ಮ ಮನೆ ಎಲ್ಲಿದೆ ಎಂದು ಮರೆತಿಲ್ಲ ತಾನೇ? ಎದುರಿಗೇ ರೈಸ್ ಮಿಲ್ಲು. ಸುಗ್ಗಿ ಶುರುವಾದರೆ ಭತ್ತದ ಹೊಟ್ಟಿನ ಕರಿ ಬೂದಿ ನಾವು ಉಣ್ಣುವ ಗಂಗಾಳದಲ್ಲೂ ಬೀಳುತ್ತದೆ. ನಿನ್ನ ಖೋಲಿಯಲ್ಲಿ ನಡೆದರೆ ಹೆಜ್ಜೆ ಮೂಡುತ್ತಿತ್ತು. ಅವ್ವ ದಿನಾ ಮಧ್ಯಾಹ್ನ ಅಲ್ಲೇ ಹೋಗಿ ಕೂತು, ಅಕ್ಕಿ ಆರಿಸಿ, ಕೆಮ್ಮುತ್ತ ಹೊರಗೆ ಬರುತ್ತಿದ್ದಳು.

ಧೂಳಿನಿಂದ ದೂರ ಇಡಿ ಎಂದು ಡಾಕ್ಟರು ಹೇಳಿದ್ದನ್ನು ಅಪ್ಪನಿಗೆ ಹೇಳಿದೆ. ಒಂದು ಮಾತು ನಿನಗೆ ತಿಳಿಸಬೇಕು. ನೀನು ಹೋದ ದಿನದಿಂದ ಅಪ್ಪ ಅವ್ವ ನೇರವಾಗಿ ಮಾತಾಡುವುದಿಲ್ಲ. "ನಿಮ್ಮವ್ವಗ ಹೇಳು", "ನಿಮ್ಮಪ್ಪಗ ಕೇಳು" — ನಾನೇ ಈ ಮನೆಯ ಅಂಚೆಯವ. ಬಿ.ಎ. ಮುಗಿಸಿದ ಮೇಲೆ ಸಿಕ್ಕ ಕೆಲಸ ಇದೊಂದೇ. ಅಪ್ಪ, "ನಿಮ್ಮವ್ವಗ ಹೇಳು. ಕಸಬರಿಗಿ ಮುಟ್ಟಿಸಬಾರದಂದ್ರ ಮುಟ್ಟಿಸಬ್ಯಾಡ. ಕಸಬರಿಗಿ ಅಲ್ಲದ್ದು ಏನರ ಸಿಗತೈತೇನು ನೋಡೋಣ" ಎಂದ. ನಿನ್ನ ಆರ್ಡರ್ ಹರಿದ ಕೈಯ ಅಪ್ಪನೇ ಹೀಗೆಂದದ್ದು. ಆ ಸಂಜೆ ಅವನ ಮೇಲಿನ ನನ್ನ ಸಿಟ್ಟು ಅರ್ಧ ಇಳಿಯಿತು.

ಮೊದಲು ಬಂದವನು ರಾಯಚೂರಿನ ಕರಿಬಸಯ್ಯ. ಯಾವುದೋ ಕಂಪನಿಯವನು, ನನ್ನದೇ ವಯಸ್ಸು, ಕೊರಳಿಗೆ ಟೈ. ಬಂದವನೇ ತನ್ನ ಚೀಲದಿಂದ ಒಂದು ಪೊಟ್ಟಣ ಧೂಳು ತೆಗೆದು ನಮ್ಮ ನೆಲದ ಮೇಲೆ ಸುರಿದ. ಪಕ್ಕದ ಮನೆಯ ಆದಮ್ಮ ಅತ್ತೆ ಬಾಗಿಲಲ್ಲಿ ನಿಂತಿದ್ದಳು. "ಸಿಂಧನೂರಾಗ ಕಸ ಕಮ್ಮಿ ಬಿದ್ದೈತಂತ ರಾಯಚೂರಿಂದ ಹೊತ್ಕೊಂಡು ಬಂದಾನ ನೋಡ್ರೇ!" ಎಂದಳು. ಪಾಪ, ಅವನ ಟೈ ನಡುಗಿತು. ನಾನು ಅವನ ಜಾಗದಲ್ಲಿದ್ದರೆ ಓಡಿಹೋಗುತ್ತಿದ್ದೆ.

"ಇದು ತಾನ ಅಡ್ಡ್ಯಾಡಿ ಕಸ ಹೊಡಿತೈತೇನಪ್ಪಾ?"

"ಇಲ್ರೀ ಅತ್ತಿ. ನೀವು ಹಿಡಕೊಂಡು ಅಡ್ಡ್ಯಾಡಬೇಕು."

"ಹಿಡಕೊಂಡು ಅಡ್ಡ್ಯಾಡಾಕ ನಮ್ಮನ್ಯಾಗೂ ಒಂದೈತಿ. ಅದಕ್ಕ ಕರೆಂಟೂ ಬ್ಯಾಡ."

"ಪರದೇಶದಾಗ ತಾನ ಅಡ್ಡ್ಯಾಡೋವು ಮಾಡಾಕತ್ಯಾರಂತ್ರೀ. ಮುಂದ ನಮ್ಮಲ್ಲೂ ಬರ್ತಾವು."

"ಬಂದಾಗ ಕಳಸು. ಎಮ್ಮಿ ಜೊತಿ ಕಾಲುವಿ ಕಡೆ ಮೇಯಾಕ ಬಿಡ್ತೀನಿ."

ಯಂತ್ರ ಚೆನ್ನಾಗಿಯೇ ಇತ್ತು. ಹೊಟ್ಟೆಯಲ್ಲಿ ನೀರು ತುಂಬಿಸಿಕೊಂಡು, ಎಳೆದ ಧೂಳನ್ನೆಲ್ಲ ಅದರಲ್ಲಿ ಮುಳುಗಿಸಿಬಿಡುತ್ತಿತ್ತು. ಕಡೆಗೆ ಆ ಕರಿ ನೀರನ್ನು ಮೋರಿಗೆ ಸುರಿದು ತೋರಿಸಿದ. ಅಪ್ಪ ಬಾಯಿ ತೆರೆದು ನೋಡಿದ. ಅವ್ವ ಒಂದೇ ಪ್ರಶ್ನೆ ಕೇಳಿದಳು. "ತಮ್ಮಾ, ಇದು ಕಸಬರಿಗಿ ಲೆಕ್ಕಕ್ಕ ಬರತೈತೇನು?"

ಕರಿಬಸಯ್ಯನ ಮುಖ ಅರಳಿತು. ತನ್ನ ಮಾಲನ್ನು ಹೊಗಳಿದಳು ಎಂದುಕೊಂಡ. "ಹೌದ್ರೀ ಅವ್ವಾರ! ಇವತ್ತಿನಿಂದ ಇದ ನಿಮ್ಮ ಕಸಬರಿಗಿ!"

ಅವ್ವ ಎದ್ದು ಹೋಗಿ ನಿನ್ನ ಖೋಲಿಯ ಬಾಗಿಲು ಎಳೆದು ಕೊಂಡಿ ಹಾಕಿದಳು. "ಚಾ ಕುಡಿಸಿ ಕಳಸಲೇ ಆ ಹುಡುಗನ್ನ" ಎಂದಳು ನನಗೆ. ತಾನು ಎಲ್ಲಿ ತಪ್ಪಿದೆನೆಂದು ಅವನಿಗೆ ಗೊತ್ತಾಗಲೇ ಇಲ್ಲ.

ಎರಡನೆಯದು ಬಸ್‌ಸ್ಟ್ಯಾಂಡಿನ ಹತ್ತಿರದ ಚಾಂದ್‌ಪಾಷಾ ಅವರ ಕರೆಂಟು ಸಾಮಾನಿನ ಅಂಗಡಿಯದು. ಅಪ್ಪನ ಹಳೆಯ ಗೆಳೆಯರಾದ್ದರಿಂದ ಯಂತ್ರವನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಅವರೇ ಬಂದರು. ಅಪ್ಪ ನನ್ನ ಕೈಗೆ ಹಾಳೆ ಕೊಟ್ಟು, "ನೀ ಬಿ.ಎ. ಓದೀದಿ. ಎರಡರದೂ ಗುಣ-ದೋಷ ಬರಿ" ಎಂದಿದ್ದ. ಕಾವ್ಯದ ಗುಣ-ದೋಷ ಬರೆದು ಪಾಸಾದವನು ನಾನು, ಬರೆದೆ. ನೀರಿನ ಯಂತ್ರಕ್ಕೆ ಎಳೆತ ಹೆಚ್ಚು, ಸದ್ದು ಕಡಿಮೆ, ಕೆಳಗೆ ಗಾಲಿ ಇರುವುದರಿಂದ ಅವ್ವ ಎತ್ತಬೇಕಾಗಿಲ್ಲ. ಆದರೆ ಒಂದು ರಬ್ಬರ್ ಹೋದರೂ ರಾಯಚೂರಿನಿಂದ ಬರಬೇಕು. ಪಾಷಾ ಅವರದು ಮಿಲ್ಲಿನ ಹಾಗೆ ಕೂಗುತ್ತದೆ, ವೋಲ್ಟೇಜ್ ಇಳಿದರೆ ನರಳುತ್ತದೆ, ವೈರು ಪಡಸಾಲೆಯಿಂದ ನಿನ್ನ ಖೋಲಿಗೆ ಎಟಕುವುದಿಲ್ಲ. ಕೆಟ್ಟರೆ ಮಾತ್ರ ಊರಲ್ಲೇ ರಿಪೇರಿ. ಧೂಳು ನೀರಿಗೆ ಹೋಗುವುದಿಲ್ಲ, ಒಳಗಿನ ಬಟ್ಟೆಯ ಚೀಲದಲ್ಲಿ ಸೇರುತ್ತದೆ; ಚೀಲ ತುಂಬಿದರೆ ಎಳೆತ ಕಡಿಮೆಯಾಗುತ್ತದೆ. ಇದನ್ನು ದೋಷದ ಕಡೆಗೆ ಬರೆದೆ. ನನ್ನ ಹಾಳೆಯ ಪ್ರಕಾರ ಕರಿಬಸಯ್ಯನ ಯಂತ್ರವೇ ಗೆದ್ದಿತ್ತು.

ಅವ್ವ ಅದೇ ಪ್ರಶ್ನೆ ಕೇಳಿದಳು.

ಚಾಂದ್‌ಪಾಷಾ ಕೊಂಡಿ ಹಾಕಿದ ಬಾಗಿಲನ್ನು ಒಮ್ಮೆ ನೋಡಿದರು. "ಇಲ್ಲವ್ವಾ, ಬರೂದಿಲ್ಲ. ಕಸಬರಿಗಿ ಕಸಾನ ಹೊರಗ ತಳ್ಳತೈತಿ. ಇದು ಒಳಗ ಇಟ್ಕೊಂತೈತಿ" ಎಂದು ಚೀಲ ಬಿಚ್ಚಿ ತೋರಿಸಿದರು.

"ಇದನ್ನ ಚೆಲ್ಲೂದು ಯಾವಾಗ?"

"ನಿಮ್ಮ ಮನಸಿಗೆ ಬಂದಾಗ. ತುಂಬಿದ್ರ ಕಟ್ಟಿ ಇಡ್ರಿ, ನಾ ಇನ್ನೊಂದು ಚೀಲ ಕೊಡ್ತೀನಿ."

"ಹಂಗಾದ್ರ ಇದ ಇರಲಿ" ಎಂದಳು ಅವ್ವ.

ಅಪ್ಪ ನನ್ನ ಹಾಳೆಯನ್ನು ಪೂರ್ತಿ ಓದಿ, ಮಡಚಿ ಅಂಗಿಯ ಕಿಸೆಗೆ ಇಟ್ಟುಕೊಂಡ. "ಛಲೋ ಬರದೀದಿ. ಆದ್ರ ನಿಮ್ಮವ್ವ ಕೇಳಿದ್ದು ಇದರಾಗ ಇಲ್ಲಪ್ಪಾ" ಎಂದ. ನನ್ನ ಓದಿನ ಬಗ್ಗೆ ಯಾವ ಮೇಷ್ಟರೂ ಇಷ್ಟು ಸರಿಯಾಗಿ ಹೇಳಿರಲಿಲ್ಲ.

ಹೋದ ಭಾನುವಾರ ಮಧ್ಯಾಹ್ನ ಕರೆಂಟು ಗಟ್ಟಿಯಾಗಿದ್ದಾಗ ಅಪ್ಪನೇ ವೈರಿಗೆ ಇನ್ನೊಂದು ತುಂಡು ಜೋಡಿಸಿ, ಯಂತ್ರ ಹಿಡಿದು ನಿನ್ನ ಖೋಲಿಗೆ ಹೋದ. ಎರಡು ವರ್ಷದಲ್ಲಿ ಅವನು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಅವ್ವ ಬಾಗಿಲಲ್ಲಿ ನಿಂತಿದ್ದಳು. ಮಂಚದ ಕೆಳಗೆ ಹೋದಾಗ ಕೊಳವೆಯಲ್ಲಿ ಏನೋ ಟಣಟಣ ಅಂದಿತು. "ನಿಲ್ಲಸ್ರೀ!" ಎಂದು ಅವ್ವ ಕೂಗಿದಳು. ನನಗಲ್ಲ, ಅಪ್ಪನಿಗೆ, ನೇರವಾಗಿ! ಅಪ್ಪ ಯಂತ್ರ ನಿಲ್ಲಿಸಿ, ಕೊಳವೆ ಬಿಚ್ಚಿ, ನೆಲಕ್ಕೆ ಬಡಿದ. ನಿನ್ನ ತಲೆಯ ಪಿನ್ನು ಬಿತ್ತು. ಅಂಗಿಯ ತುದಿಗೆ ಒರೆಸಿ, "ತಗೋ" ಎಂದು ಅವ್ವನ ಅಂಗೈಯಲ್ಲಿಟ್ಟ. ಅಂಚೆಯವನಿಗೆ ಆ ದಿನ ರಜೆ.

ಆ ಚೀಲ ಬಾಯಿ ಕಟ್ಟಿಕೊಂಡು ಈಗ ನಿನ್ನ ಖೋಲಿಯ ಗೂಟದಲ್ಲಿ ತೂಗುತ್ತಿದೆ. ಅವ್ವ ಚೆಲ್ಲುವುದಿಲ್ಲ. ಕೆಮ್ಮು ಸ್ವಲ್ಪ ತಗ್ಗಿದೆ.

ನೀನು ಹೇಗಿದ್ದೀಯ? ನರ್ಸಿನ ಬಿಳಿ ಸೀರೆಯಲ್ಲಿ ನಿನ್ನನ್ನು ಊಹಿಸಿಕೊಳ್ಳಲು ನೋಡುತ್ತೇನೆ. ಪ್ರತಿ ಸಲವೂ ಗೊರೇಬಾಳದ ಗದ್ದೆಯ ಬದುವಿನಲ್ಲಿ ನನ್ನನ್ನು ಹೆಗಲ ಮೇಲೆ ಹೊತ್ತು ನಡೆಯುವ ಹುಡುಗಿಯೇ ಕಾಣುತ್ತಾಳೆ. ಒಂದು ಕಾರ್ಡು ಬರೆ ಅಕ್ಕ. "ಮುಟ್ಟಿದ್ದೇನೆ" ಎಂದು ಒಂದೇ ಪದ ಇದ್ದರೂ ಸಾಕು, ಅವ್ವನಿಗೆ ಅದೇ ಸುದ್ದಿ. ಕಿರಿಯವನು ನಾನು, ಹರಸುವ ಹಾಗಿಲ್ಲ. ದೇವರು ನಿನ್ನನ್ನು ತಣ್ಣಗೆ ಇಟ್ಟಿರಲಿ ಎಂದು ಅವ್ವ ದಿನಾ ದೀಪ ಹಚ್ಚುವಾಗ ಹೇಳುವುದನ್ನೇ ನಕಲು ಮಾಡಿ ಕಳಿಸುತ್ತಿದ್ದೇನೆ.

ನಿನ್ನ ತಮ್ಮ,
ಕನಕರಾಯ

ಮರೆತ ಮಾತು: ಮರೆತದ್ದಲ್ಲ, ಮುಂದೂಡಿದ್ದು. ನೀನು ಯಾಕೆ ಬರೆಯಲಿಲ್ಲ ಎಂದು ನನಗೆ ಗೊತ್ತು. ಅವ್ವ ಔಷಧಿ ತರಲು ಆಚೆ ಹೋದಾಗ ಪೀರ್‌ಬೀ ಕೇಳಿದಳು. "ಅಕಿ ಹೋದ ಕೂಡ್ಲೇ ಹೆಣ ಎತ್ತಿದವರಂಗ ಕಸ ಹೊಡೆದ್ರಂತಲ್ಲ? ಅದು ಅಕಿ ಕಿವಿಗೆ ಬಿದ್ದೈತಿ."

ಅಕ್ಕ, ಕಸ ಹೊಡೆದವನು ನಾನು.

ಆ ಬೆಳಿಗ್ಗೆ ನೀನು ಟ್ರಂಕು ಎತ್ತಿಕೊಂಡು ಹೋದೆ. ಅವ್ವ ರೊಟ್ಟಿಯ ಗಂಟು ಹಿಡಿದು ನಿನ್ನ ಹಿಂದೆ ಬಸ್‌ಸ್ಟ್ಯಾಂಡಿಗೆ ಓಡಿದಳು. ಸ್ವಲ್ಪ ಹೊತ್ತಿಗೆ ಅಪ್ಪನೂ ಹೊಲಕ್ಕೆ ಹೋದ. ನಾನೊಬ್ಬನೇ ಉಳಿದೆ. ಹಿಂದಿನ ದಿನ ಅಪ್ಪ ಹರಿದ ಆರ್ಡರಿನ ಚೂರುಗಳು ನಿನ್ನ ಖೋಲಿಯಿಂದ ಅಂಗಳದ ತನಕ ಬಿದ್ದಿದ್ದವು. ವಾಪಸ್ ಬಂದ ಅವ್ವ ಅವನ್ನು ನೋಡಬಾರದು ಎಂದಷ್ಟೇ ನನ್ನ ತಲೆಯಲ್ಲಿದ್ದದ್ದು. ಹುಟ್ಟಿದಾಗಿನಿಂದ ಕಸಬರಿಗೆ ಹಿಡಿದವನಲ್ಲ. ಆ ನೇಮ ನೆನಪಿಗೇ ಬರಲಿಲ್ಲ. ಗುಡಿಸಿ ತಿಪ್ಪೆಗೆ ಹಾಕಿದೆ. ಮಂಚದ ಕೆಳಗೆ ಬಿಟ್ಟಿದ್ದೆ, ಪಿನ್ನು ಅಲ್ಲಿ ಉಳಿದದ್ದು ಅದಕ್ಕೇ. ನಿನಗೆ ಬಸ್ಸು ಸಿಕ್ಕಿತ್ತು, ಅವ್ವನಿಗೆ ನೀನು ಸಿಕ್ಕಿರಲಿಲ್ಲ. ಗಂಟಿನ ಸಮೇತ ತಿರುಗಿ ಬಂದಳು. ಆದಮ್ಮ ಅತ್ತೆ ತನ್ನ ಕಟ್ಟೆಯಿಂದ ಅವ್ವನ ಹೆಸರು ಹಿಡಿದು ಕೂಗಿ, "ಯಾರ ಹೆಣ ಎತ್ತೀರೇ ಮುದುಕಮ್ಮಾ, ಇಷ್ಟು ಲಗೂನ ಕಸ ಹೊಡಿಯಾಕ?" ಎಂದಳು. ನಾನು ಹಿತ್ತಲಲ್ಲಿ ಕಸಬರಿಗೆ ಹಿಡಿದು ನಿಂತಿದ್ದೆ.

ಗಂಡುಮಗ ಕಸ ಹೊಡೆದಾನು ಎಂದು ಯಾರಿಗೂ ಹೊಳೆಯಲಿಲ್ಲ. ಮಗಳು ಸತ್ತಳು ಎಂದು ಅಪ್ಪ ಗುಡಿಸಿದ ಎಂದುಕೊಂಡಳು ಅವ್ವ. ಅವ್ವ ಗುಡಿಸಿದಳು ಎಂದುಕೊಂಡ ಅಪ್ಪ. ಒಬ್ಬರನ್ನೊಬ್ಬರು ಕೇಳಲಿಲ್ಲ, ಮಾತು ಬಿಟ್ಟರು. ಇದು ನನಗೆ ತಿಳಿದದ್ದು ಹೋದ ತಿಂಗಳು. ಮಸ್ಕಿಯ ಬಸ್ಸಿನಲ್ಲಿ ಅವ್ವ ಹೇಳಿದಳು, ಪಾಷಾ ಅವರ ಅಂಗಡಿಗೆ ಹೋಗುವಾಗ ಅಪ್ಪ ಹೇಳಿದ. ಎರಡು ಸಲವೂ ಬಾಯಿ ಬಿಡಲು ನೋಡಿದೆ, ಆಗಲಿಲ್ಲ. ನಿನಗೆ ಮಾತ್ರ ಬರೆದು, ಅವರಿಗೆ ಹೇಳದೆ ಇದ್ದರೆ ನಾನು ಮನುಷ್ಯನಲ್ಲ. ನಾಳೆ ಇದನ್ನು ಇಬ್ಬರ ಮುಂದೆ ಓದಿ ಆಮೇಲೆ ಅಂಚೆ ಡಬ್ಬಿಗೆ ಹಾಕುತ್ತೇನೆ.

ಶುಕ್ರವಾರ ಬೆಳಿಗ್ಗೆ: ಓದಿದೆ, ಚಹಾದ ಹೊತ್ತಿಗೆ. ಕರಿಬಸಯ್ಯನ ಟೈ ನಡುಗಿದ್ದು ಏನೂ ಅಲ್ಲ. ಮುಗಿದ ಮೇಲೆ ಅವ್ವ ಅಪ್ಪನ ಕಡೆ ತಿರುಗಿದಳು. "ನಾ ಅಲ್ಲ ಅಂತ ಒಂದು ಮಾತು ಹೇಳಾಕ ಏನಾಗಿತ್ತ್ರೀ ನಿಮಗ?"

"ನೀ ಎಲ್ಲಿ ಕೇಳಿದಿ?" ಎಂದ ಅಪ್ಪ.

ಆಮೇಲೆ ಅವ್ವ ನನ್ನ ಕಿವಿ ಹಿಡಿದು ಜೋರಾಗಿ ತಿರುವಿದಳು. ಇದನ್ನು ಬರೆಯುವಾಗಲೂ ಉರಿಯುತ್ತಿದೆ. "ಹುಚ್ಚ ಖೋಡಿ! ಬರಿ ನಿಮ್ಮಕ್ಕಗ. ಗಂಡಸರು ಹೊಡೆದ ಕಸ ಲೆಕ್ಕಕ್ಕ ಬರೂದಿಲ್ಲಂತ ಬರಿ."

ಅಂಥ ನೇಮ ಎಲ್ಲೂ ಇಲ್ಲ ಅಕ್ಕ. ಅವ್ವ ಈಗ, ಇಲ್ಲೇ, ನನ್ನ ಕಿವಿ ಹಿಡಿದುಕೊಂಡು ಮಾಡಿದ್ದು.

ಅಪ್ಪ ಗೂಟದ ಕಡೆ ನೋಡುತ್ತ ಕೂತಿದ್ದ. "ಅಕಿ ಖೋಲಿ ಕಸ ಚೀಲದಾಗ ಹಂಗ ಐತಿ, ಬಂದು ಅಕಿನ ಚೆಲ್ಲಲಿ. ಇದು ನಾ ಹೇಳಿದ್ದಂತ ಬರಿ" ಎಂದ.

ಅಪ್ಪ ಹೇಳಿದ್ದು ಎಂದು ಬರೆದಿದ್ದೇನೆ.